ಹೆಜ್ಜೆಯ ಅಳತೆ

ಮೈಸೂರಿನ ನಮ್ಮ ಮನೆಯ ಮುಂದೆ 20 ಅಡಿ ಉದ್ದ, 15 ಅಡಿ ಅಗಲದ ಒಂದು ಹುಲ್ಲುಹಾಸಿದೆ. ಮನೆ ಕಟ್ಟಿಸಿದ್ದು 1991ರಲ್ಲಿ. ಹುಲ್ಲುಹಾಸು ಬಂದದ್ದು ಬಹಳ ವರ್ಷಗಳ ಮೇಲೆ, ಮಕ್ಕಳು ದೊಡ್ಡವರಾಗಿ, ಅವರ ಸೈಕಲ್ಲು, ಕ್ರಿಕೆಟ್ಟು ಎಲ್ಲ ಮುಗಿದು, ನಮ್ಮವರು ನಿವೃತ್ತರಾದ ಮೇಲೆ. ನರ್ಸರಿಯವನು ಚೀಲಗಟ್ಟಲೆ ಹುಲ್ಲಿನ ಬೇರು ತಂದು ನೆಟ್ಟು, ಇದು ಬರ್ಮುಡಾ ಹುಲ್ಲು ಎಂದು ಹೇಳಿ, ಅದಕ್ಕೆ ತಕ್ಕ ದುಡ್ಡು ಎಣಿಸಿಕೊಂಡು ಹೋದ. ಒಂದು ತಿಂಗಳಾದ ಮೇಲೆ ನಮ್ಮ ಅತ್ತೆ ಅಂಗಳಕ್ಕಿಳಿದು, ಬಗ್ಗಿ ನೋಡಿ, ಎರಡು ಎಸಳು ಕಿತ್ತು ಬೆರಳಲ್ಲಿ ಹಿಡಿದುಕೊಂಡು ಕೇಳಿದರು: "ಏನೇ ಇದು, ದುಡ್ಡು ಕೊಟ್ಟು ಗರಿಕೆ ತಂದ್ಯಾ?"

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಬರ್ಮುಡಾ ಹುಲ್ಲು ಎಂದರೆ ನಮ್ಮ ಗರಿಕೆಯೇ. ಗಣಪತಿಗೆ ಏರಿಸುವ, ಗದ್ದೆಯ ಬದುವಿನಲ್ಲಿ ಕಿತ್ತಷ್ಟೂ ಬರುವ ಅದೇ ಗರಿಕೆ ಬೇರೆ ಹೆಸರಿಟ್ಟುಕೊಂಡು ನಮ್ಮ ಅಂಗಳಕ್ಕೆ ಬಂದಿತ್ತು. ಆದರೂ ಮೋಟು ಕತ್ತರಿಸಿ ನೀರು ಹಾಯಿಸಿದಾಗ ಅದು ಹಸಿರು ಜಮಖಾನದ ಹಾಗೆ ಕಾಣುತ್ತಿತ್ತು. ಸಂಜೆ ಬೀದಿಯಲ್ಲಿ ಹೋಗುವವರು ಕಾಂಪೌಂಡಿನ ಆಚೆಯಿಂದ ಒಮ್ಮೆ ನೋಡಿಯೇ ಮುಂದೆ ಹೋಗುತ್ತಿದ್ದರು. ನನಗೆ ಒಳಗೊಳಗೇ ಹಿಗ್ಗು.

ಆ ಹಿಗ್ಗಿನ ಮೇಲೆ ಆರೇ ತಿಂಗಳಲ್ಲಿ ಎರಡು ಗೆರೆಗಳು ಮೂಡಿದವು. ಒಂದು ಉದ್ದನೆಯದು, ಗೇಟಿನ ಮೂಲೆಯಿಂದ ಹುಲ್ಲಿಗೆ ಅಡ್ಡವಾಗಿ ಮನೆಯ ಪಕ್ಕದ ಓಣಿಯವರೆಗೆ. ಆ ಓಣಿ ಹಿತ್ತಲಿಗೆ ಹೋಗುತ್ತದೆ. ಇನ್ನೊಂದು ಗಿಡ್ಡದು, ಜಗಲಿಯ ಮೆಟ್ಟಿಲಿನಿಂದ ಕಾಂಪೌಂಡಿನ ಬದಿಯ ನಂದಿಬಟ್ಟಲು, ದಾಸವಾಳದ ಗಿಡಗಳವರೆಗೆ. ಎರಡೂ ಕಡೆ ಹುಲ್ಲು ಸವೆದು ಮಣ್ಣು ಕಾಣುತ್ತಿತ್ತು. ಗರಿಕೆ ತುಳಿದರೆ ಸಾಯುವ ಹುಲ್ಲಲ್ಲ. ಆದರೆ ದಿನವೂ ಅದೇ ಜಾಗದಲ್ಲೇ ಕಾಲು ಬಿದ್ದರೆ ಮಣ್ಣು ಗಟ್ಟಿಯಾಗುತ್ತದೆ, ಬೇರಿಗೆ ಗಾಳಿಯಿಲ್ಲ, ನೀರು ಇಳಿಯುವುದಿಲ್ಲ. ಆಮೇಲೆ ಗರಿಕೆ ತಾನೇ ಏನು ಮಾಡೀತು?

ಉದ್ದನೆಯ ಗೆರೆ ನಮ್ಮ ಮನೆಗೆಲಸದಾಕೆಯದು. ಇಪ್ಪತ್ತು ವರ್ಷಕ್ಕೂ ಮೇಲಾಯಿತು ಅವಳು ನಮ್ಮಲ್ಲಿಗೆ ಬರಲು ತೊಡಗಿ. ಬೆಳಿಗ್ಗೆ ಆರೂವರೆಗೆ ಗೇಟು ತೆಗೆದ ಸದ್ದಾದರೆ ಗಡಿಯಾರ ನೋಡಬೇಕಾಗಿಲ್ಲ. ಗಿಡ್ಡ ಗೆರೆ ನಮ್ಮ ಅತ್ತೆಯದು. ಎಂಬತ್ತೆರಡರ ವಯಸ್ಸಿನಲ್ಲೂ ದೇವರ ಹೂವನ್ನು ತಾವೇ ಕೊಯ್ಯಬೇಕು ಅವರಿಗೆ. ನಮ್ಮವರು, ನಾನು, ಬಂದ ನೆಂಟರು ಎಲ್ಲ ಗೇಟಿನಿಂದ ನೇರ ಜಗಲಿಗೆ ಬರುವ ಸಿಮೆಂಟಿನ ದಾರಿಯಲ್ಲಿ ನಡೆಯುವವರು. ಹಾಗಾಗಿ ಹುಲ್ಲು ಸವೆಸಿದ ಪಾಪ ನಮ್ಮದಲ್ಲ ಎಂದು ನಾನು ನೆಮ್ಮದಿಯಾಗಿದ್ದೆ.

ಒಂದು ದಿನ ಹಳೆಯ ಪತ್ರಿಕೆಯೊಂದರಲ್ಲಿ ಚಿತ್ರವೊಂದು ಕಣ್ಣಿಗೆ ಬಿತ್ತು. ಹಸಿರು ಹುಲ್ಲಿನ ನಡುವೆ ಚಪ್ಪಡಿ ಕಲ್ಲುಗಳು ಹಾವಿನ ಹಾಗೆ ಬಳುಕುತ್ತಾ ಹೋಗಿದ್ದವು. ಸಿಕ್ಕಿತಲ್ಲ ಉಪಾಯ ಎನ್ನಿಸಿತು. ಕಲ್ಲು ಹಾಕಿಸಿಬಿಟ್ಟರೆ ನಡೆಯುವವರು ಕಲ್ಲಿನ ಮೇಲೆ ನಡೆಯುತ್ತಾರೆ, ಹುಲ್ಲು ಉಳಿಯುತ್ತದೆ, ನೋಡಲೂ ಚೆನ್ನ.

ಕಲ್ಲಿನ ಆಯ್ಕೆಗೇ ಒಂದು ವಾರ ಹಿಡಿಯಿತು. ಕಡಪ ಕಲ್ಲು ಕಪ್ಪಗಿದ್ದು ನೋಡಲು ಚೆಂದ, ಆದರೆ ಬೇಸಿಗೆಯ ಮಧ್ಯಾಹ್ನ ಬರಿಗಾಲಿಟ್ಟರೆ ಕಾವಲಿಯೇ. ಶಹಾಬಾದ್ ಕಲ್ಲು ಅಗ್ಗ, ಆದರೆ ಸವೆದು ನುಣ್ಣಗಾದ ಮೇಲೆ ಮಳೆಯಲ್ಲಿ ಜಾರುತ್ತದೆ. ಕೊನೆಗೆ ಬೂದುಬಣ್ಣದ ಸಾದರಹಳ್ಳಿ ಕಲ್ಲು ಎಂದು ನಿಶ್ಚಯವಾಯಿತು. ಒಂದೂವರೆ ಅಡಿ ಉದ್ದ, ಒಂದು ಅಡಿ ಅಗಲ, ಎರಡು ಅಂಗುಲ ದಪ್ಪ. ಮೇಲ್ಮೈ ಉಳಿ ಹೊಡೆದು ಒರಟು ಮಾಡಿದ್ದು. ನಮ್ಮವರು ಟೇಪು ಹಿಡಿದು ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ನಡೆದು, ಹೆಜ್ಜೆಗೆ ಎರಡೂವರೆ ಅಡಿ ಎಂದು ಕಂಡುಹಿಡಿದರು. ಅವರು ಆರು ಅಡಿಯ ಆಳು. ನನ್ನ ಬಳುಕುವ ದಾರಿ 30 ಅಡಿ ಆಗುತ್ತಿತ್ತು. ಮೂವತ್ತನ್ನು ಎರಡೂವರೆಯಿಂದ ಭಾಗಿಸಿದರೆ ಹನ್ನೆರಡು. ಹನ್ನೆರಡೇ ಕಲ್ಲು ಸಾಕು, ಖರ್ಚೂ ಕಡಿಮೆ ಎಂದು ಇಬ್ಬರಿಗೂ ಸಂತೋಷವಾಯಿತು.

ಕೂರಿಸಲು ಬಂದವರು ವಯಸ್ಸಾದ ಮೇಸ್ತ್ರಿ. ಕಲ್ಲನ್ನೂ ಅಂಗಳವನ್ನೂ ನೋಡಿದರು. ಎರಡು ಸವೆದ ಗೆರೆಗಳನ್ನೂ ನೋಡಿದರು. ಆಮೇಲೆ ನನ್ನ ಕೈಯಲ್ಲಿದ್ದ ಚಿತ್ರ ನೋಡಿದರು.

"ಇದರ ಮ್ಯಾಲೆ ನಡೆಯೋರು ಯಾರವ್ವಾ?" ಎಂದು ಕೇಳಿದರು.

"ಎಲ್ಲಾರೂ ನಡೀತಾರೆ."

"ಎಲ್ಲಾರನ್ನೂ ಒಂದ್ ಕಿತ ನಡೆಸಿ. ಕಲ್ಲ ಹಂಗೇ ಹುಲ್ಲ ಮ್ಯಾಲೆ ಮಡಗಿ ಎರಡು ದಿನ ನೋಡವಾ. ಕಾಲಿಗೆ ಒಗ್ಗಿದ ಮ್ಯಾಲೆ ಅಗೆದು ಕೂರಿಸ್ತೀನಿ."

ನನಗೆ ಅಷ್ಟು ತಾಳ್ಮೆ ಇರಲಿಲ್ಲ. ಮರುದಿನ ಭಾನುವಾರ, ನೆಂಟರು ಬರುವವರಿದ್ದರು. "ಅಳತೆ ಎಲ್ಲ ಆಗಿದೆ, ಇವತ್ತೇ ಕೂರಿಸಿಬಿಡಿ" ಎಂದೆ. ಅವರು ಇನ್ನೊಂದು ಮಾತು ಆಡಲಿಲ್ಲ. ದುಡ್ಡು ಕೊಡುವವರು ಹೇಳಿದ ಹಾಗೆ ಮಾಡುವುದು ಅವರಿಗೆ ಅಭ್ಯಾಸವಾಗಿತ್ತು. ಹುಲ್ಲು ಕತ್ತರಿಸಿ, ಮಣ್ಣು ತೆಗೆದು, ಮರಳು ಹಾಸಿ, ಸಂಜೆಯೊಳಗೆ ಹನ್ನೆರಡು ಕಲ್ಲು ಕೂರಿಸಿ ಹೋದರು. ಕಲ್ಲು ಮಣ್ಣಿನ ಮಟ್ಟಕ್ಕೇ ಇರಬೇಕು ಎಂದು ಅವರು ಹೇಳಿದ್ದರು. ಹಾಗೆ ಮಾಡಿದರೆ ಹುಲ್ಲಿನಲ್ಲಿ ಮುಚ್ಚಿಹೋಗುತ್ತದೆ, ಕಲ್ಲು ಎದ್ದು ಕಾಣಲಿ ಎಂದು ಅರ್ಧ ಅಂಗುಲ ಮೇಲಕ್ಕೆ ಎತ್ತಿಸಿದವಳೂ ನಾನೇ.

ಭಾನುವಾರ ಬಂದ ನೆಂಟರು ಹೊಗಳಿದ್ದೇ ಹೊಗಳಿದ್ದು. ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಾ ಎಲ್ಲರೂ ದಾರಿಯನ್ನು ನೋಡಿದರು. ಅದರ ಮೇಲೆ ಯಾರೂ ನಡೆಯಲಿಲ್ಲ.

ಸೋಮವಾರ ಬೆಳಿಗ್ಗೆ ಆರೂವರೆಗೆ ಗೇಟಿನ ಸದ್ದಾಯಿತು. ಕಿಟಕಿಯಲ್ಲಿ ನಿಂತು ನೋಡಿದೆ. ಅವಳು ಕಲ್ಲುಗಳ ಹತ್ತಿರ ನಿಂತಳು, ಒಂದರ ಮೇಲೆ ಕಾಲಿಟ್ಟಳು, ಎರಡನೆಯದಕ್ಕೆ ದಾಪುಗಾಲು ಹಾಕಿದಳು, ಮೂರನೆಯದು ಪಕ್ಕಕ್ಕೆ ತಿರುಗಿತ್ತು, ಕೆಳಗಿಳಿದು ತನ್ನ ಹಳೆಯ ಗೆರೆಯಲ್ಲೇ ಹೊರಟುಹೋದಳು. ಮಂಗಳವಾರ ಕಲ್ಲಿನ ಗೋಜಿಗೇ ಹೋಗಲಿಲ್ಲ. ವಾರ ನೋಡಿ ತಡೆಯಲಾರದೆ ಕೇಳಿದೆ: "ಅಷ್ಟು ಖರ್ಚು ಮಾಡಿ ಕಲ್ಲು ಹಾಕಿಸಿದೀನಿ, ಹುಲ್ಲು ತುಳ್ಕೊಂಡೇ ಹೋಗ್ತೀಯಲ್ಲೆ?"

ಅವಳು ನಕ್ಕಳು. "ಅಮ್ಮಾವ್ರೆ, ಕಲ್ಲ ಮೇಲೆ ಎಣಿಸ್ಕೊಂಡು ನಡೀಬೇಕು. ನೆಲದ ಮೇಲಾದ್ರೆ ಸುಮ್ನೆ ನಡೀಬೌದು."

ಸೋಮಾರಿತನಕ್ಕೆ ಎಷ್ಟು ಚೆಂದದ ಮಾತು ಎಂದುಕೊಂಡೆ. ಎರಡು ದಿನ ಮುಖ ಗಂಟು ಹಾಕಿಕೊಂಡು ಓಡಾಡಿದೆ. ಹೆಂಗಸರು ನಾವು ಮನೆಗೆಲಸದವರ ಮೇಲೆ ಮುನಿಸನ್ನು ಹೇಗೆ ತೋರಿಸುತ್ತೇವೆಂದು ನಿಮಗೆ ಗೊತ್ತೇ ಇದೆ. ಬೈಯುವುದಿಲ್ಲ. ಪಾತ್ರೆಯನ್ನು ಸ್ವಲ್ಪ ಜೋರಾಗಿ ಇಡುತ್ತೇವೆ.

ಆದರೆ ನಮ್ಮ ಅತ್ತೆ ನನ್ನ ಕಲ್ಲಿಗೆ ಮರ್ಯಾದೆ ಕೊಟ್ಟರು. ಸೊಸೆ ಆಸೆಪಟ್ಟು ಹಾಕಿಸಿದ್ದಾಳೆ ಎಂದು ಹೂವಿಗೆ ಹೋಗುವಾಗಲೆಲ್ಲ ಕಲ್ಲಿನ ಮೇಲೆಯೇ ಹೋಗಲು ಶುರುಮಾಡಿದರು. ಅವರ ಹೆಜ್ಜೆ ಒಂದು ಅಡಿ, ಹೆಚ್ಚೆಂದರೆ ಒಂದೂಕಾಲು ಅಡಿ. ಒಂದು ಕಾಲು ಕಲ್ಲಿನ ಮೇಲೆ, ಮುಂದಿನದು ಹುಲ್ಲಿನ ಮೇಲೆ, ಮತ್ತೆ ಕಲ್ಲು ಹತ್ತಬೇಕು, ಮತ್ತೆ ಇಳಿಯಬೇಕು. ಕೈಯಲ್ಲಿ ಹೂವಿನ ಬುಟ್ಟಿ. ಹದಿನೈದನೆಯ ದಿನವೋ ಏನೋ, ಎದ್ದು ನಿಂತ ಕಲ್ಲಿನ ಅಂಚಿಗೆ ಹೆಬ್ಬೆರಳು ತಾಗಿತು. ಬಿದ್ದರು.

ಕೂಗು ಮೊದಲು ಕೇಳಿದ್ದು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದವಳಿಗೆ. ನಾನು ಹೊರಗೆ ಬರುವಷ್ಟರಲ್ಲಿ ಅವಳು ಬೂದಿಗೈಯಲ್ಲೇ ಅತ್ತೆಯನ್ನು ಎತ್ತಿ ಕೂರಿಸಿದ್ದಳು. ಬಲಗೈ ಮಣಿಕಟ್ಟು ಮುರಿದಿತ್ತು. ಆರು ವಾರ ಪ್ಲಾಸ್ಟರು ಹಾಕಿದರು. ಆಸ್ಪತ್ರೆಗೆ ಹೋಗುವಾಗ ಕಾರಿನಲ್ಲಿ ಅತ್ತೆ ನೋವಿನ ನಡುವೆಯೂ ಅದೊಂದೇ ಮಾತು ಹೇಳುತ್ತಿದ್ದರು: "ನಂದೇ ತಪ್ಪು ಕಣೆ. ನಾನೇ ನೋಡಿ ನಡೀಬೇಕಿತ್ತು."

ಆ ಮಾತು ನನ್ನನ್ನು ಬಿಡಲಿಲ್ಲ. ಅತ್ತೆ ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆನೇನೋ. ತಪ್ಪು ತಮ್ಮದೇ ಎಂದುಬಿಟ್ಟರಲ್ಲ, ಈಗ ನನ್ನದನ್ನು ಎಲ್ಲಿಡಲಿ? ಯೋಚಿಸುತ್ತಾ ಹೋದ ಹಾಗೆ ಇದು ನನಗೆ ಹೊಸ ಮಾತಲ್ಲ ಎನ್ನಿಸಿತು. ಬೇರೆಯವರ ಹೆಜ್ಜೆಗೆ ಅಳೆದು ಹಾಕಿದ ದಾರಿಯಲ್ಲಿ ಎಡವಿದಾಗಲೆಲ್ಲ ನಾವು ಹೆಂಗಸರು ಹೇಳಿಕೊಂಡು ಬಂದ ಮಾತು ಇದೇ ತಾನೆ? ಬಸ್ಸಿನ ಮೆಟ್ಟಿಲು ಎತ್ತರವಾದರೆ ನಮ್ಮ ಸೀರೆಯದೇ ತಪ್ಪು. ಅಡುಗೆಮನೆಯ ಮೇಲಿನ ಅಟ್ಟ ಕೈಗೆ ಎಟುಕದಿದ್ದರೆ ನಾವೇ ಕುಳ್ಳು. ಹೊಸದಾಗಿ ಮದುವೆಯಾಗಿ ಈ ಮನೆಗೆ ಬಂದಾಗ ಇಲ್ಲಿನ ನಡೆ ನನಗೆ ಒಗ್ಗದೆ ಎಷ್ಟೋ ಸಲ ತಪ್ಪಿದ್ದೆ. ಆಗೆಲ್ಲ ನಾನೇ ನೋಡಿ ನಡೀಬೇಕಿತ್ತು ಎಂದುಕೊಂಡಿದ್ದೇನೆಯೇ ಹೊರತು ಈ ಕಲ್ಲನ್ನು ಯಾರು ಇಟ್ಟರು, ಯಾರ ಹೆಜ್ಜೆ ನೋಡಿ ಇಟ್ಟರು ಎಂದು ಕೇಳಿದ್ದಿಲ್ಲ. ಈಗ ಕಲ್ಲಿಡುವ ಸರದಿ ನನಗೆ ಬಂದಾಗ ನಾನೂ ಅದೇ ಮಾಡಿದ್ದೆ.

ಅತ್ತೆಯ ಕೈ ಪ್ಲಾಸ್ಟರಿನಲ್ಲಿದ್ದ ದಿನಗಳಲ್ಲಿ ನಮ್ಮವರು ಲೈಬ್ರರಿಯಿಂದ ಜಪಾನಿನ ತೋಟಗಳ ಮೇಲಿನ ಪುಸ್ತಕವೊಂದನ್ನು ತಂದರು. ಟೇಪು ಹಿಡಿದವರು ತಾವೆಂಬ ಸಂಕಟ ಅವರಿಗೂ ಇತ್ತು. ಹುಲ್ಲಿನಲ್ಲಿ, ಪಾಚಿಯಲ್ಲಿ ಹೀಗೆ ಬಿಡಿಬಿಡಿ ಕಲ್ಲಿಡುವ ಕಲೆಯನ್ನು ಬೆಳೆಸಿದವರು ಜಪಾನಿನ ಚಹಾಗೃಹಗಳ ತೋಟದವರಂತೆ. ಸೆನ್ ನೋ ರಿಕ್ಯು ಎಂಬ ದೊಡ್ಡ ಚಹಾಗುರು ಅಲ್ಲಿದ್ದರು (1522–1591). ಕಲ್ಲಿಡುವಾಗ ಆರು ಪಾಲು ನಡಿಗೆಗೆ, ನಾಲ್ಕು ಪಾಲು ನೋಟಕ್ಕೆ ಎಂಬ ಮಾತು ಅವರ ಹೆಸರಿನಲ್ಲಿದೆ. ಅವರ ಶಿಷ್ಯ ಫುರುತ ಒರಿಬೆ ಇದನ್ನು ತಿರುಗಿಸಿ, ನಡಿಗೆಗೆ ನಾಲ್ಕು, ನೋಟಕ್ಕೆ ಆರು ಎಂದರಂತೆ. ಗುರುಶಿಷ್ಯರ ನಡುವೆ ಇದ್ದದ್ದು ಎರಡು ಪಾಲಿನ ಜಗಳ. ನಾನಾದರೋ ಹತ್ತಕ್ಕೆ ಹತ್ತನ್ನೂ ನೋಟಕ್ಕೇ ಕೊಟ್ಟುಬಿಟ್ಟಿದ್ದೆ.

ಅದೇ ಪುಸ್ತಕದಲ್ಲಿ ಇನ್ನೊಂದು ಸಂಗತಿ ಇತ್ತು. ಅಲ್ಲಿ ದಾರಿ ಕವಲೊಡೆಯುವ ಕಡೆ ಕೆಲವೊಮ್ಮೆ ಒಂದು ಕಲ್ಲಿನ ಮೇಲೆ ಮುಷ್ಟಿಗಾತ್ರದ ಇನ್ನೊಂದು ಕಲ್ಲನ್ನು ಕಪ್ಪು ಹಗ್ಗದಲ್ಲಿ ಕಟ್ಟಿ ಇಟ್ಟಿರುತ್ತಾರೆ. ಅದಕ್ಕೆ ಸೆಕಿಮೊರಿ ಕಲ್ಲು ಎಂದು ಹೆಸರು. ಈ ಕಡೆ ಬರಬೇಡಿ ಎಂದು ಅದರ ಅರ್ಥ. ಬೇಲಿಯಿಲ್ಲ, ಬಾಗಿಲಿಲ್ಲ, ನಮ್ಮ ಪಾರ್ಕುಗಳ ಹಾಗೆ ಹುಲ್ಲಿನ ಮೇಲೆ ನಡೆಯಬಾರದು ಎಂಬ ಬೋರ್ಡೂ ಇಲ್ಲ. ಒಂದೇ ದಾಟಿಗೆ ದಾಟಬಹುದು. ಆದರೂ ತಿಳಿದವರು ದಾಟುವುದಿಲ್ಲ. ಇದನ್ನು ಓದಿದಾಗ ಎಷ್ಟು ನಯವಾದ ಜನ ಎಂದಷ್ಟೇ ಅನ್ನಿಸಿತ್ತು. ಅದರ ಇನ್ನೊಂದು ಮುಖ ಕಂಡದ್ದು ಆಮೇಲೆ.

ಪುಸ್ತಕ ಮುಚ್ಚಿಟ್ಟ ರಾತ್ರಿ ನನಗೆ ನೆನಪಾದದ್ದು ಜಪಾನಲ್ಲ, ನಮ್ಮ ಅಜ್ಜಯ್ಯ. ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆಯ ಒಂಟಿ ಮನೆಯಲ್ಲಿ. ಶಾಲೆಗೆ ಹೋಗಲು ಹಳ್ಳ ದಾಟಬೇಕು. ಮಳೆಗಾಲದಲ್ಲಿ ಸಂಕ, ಉಳಿದ ಕಾಲದಲ್ಲಿ ನೀರಿನ ನಡುವೆ ಇಟ್ಟ ಕಲ್ಲುಗಳು. ಪ್ರತಿ ವರ್ಷ ಮಳೆಯ ನೀರು ಕಲ್ಲುಗಳನ್ನು ಹೊತ್ತೊಯ್ಯುತ್ತಿತ್ತು, ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಅಜ್ಜಯ್ಯ ಮತ್ತೆ ಇಡುತ್ತಿದ್ದರು. ಆಗ ಮನೆಯ ಮಕ್ಕಳಲ್ಲೆಲ್ಲ ಸಣ್ಣವರನ್ನು ಕರೆಯುತ್ತಿದ್ದರು. ಎರಡು ವರ್ಷ ಆ ಸಣ್ಣವಳು ನಾನೇ ಆಗಿದ್ದೆ. ಅಜ್ಜಯ್ಯ ಮೊಣಕಾಲು ನೀರಿನಲ್ಲಿ ನಿಂತು ನನ್ನ ಕೈ ಹಿಡಿದು "ಹಾಕು ಹೆಜ್ಜೆ" ಎನ್ನುತ್ತಿದ್ದರು. ನನ್ನ ಪಾದ ಎಲ್ಲಿ ಬೀಳುತ್ತದೋ ಅಲ್ಲಿಗೆ ಕಲ್ಲು. ದೊಡ್ಡ ಕಲ್ಲು ಸಿಗದಿದ್ದರೆ ಎರಡು ದೊಡ್ಡದರ ನಡುವೆ ಒಂದು ಸಣ್ಣದು. ಆಳುಗಳು ಯಾರಾದರೂ ಇಷ್ಟು ಒತ್ತಾಗಿ ಯಾಕೆ ಎಂದರೆ ಅವರ ಉತ್ತರ ಒಂದೇ. "ದೊಡ್ಡೋರು ಹ್ಯಾಗಾದ್ರೂ ದಾಟ್ತಾರೆ."

ಯಾರು ನಡೆಯುತ್ತಾರೆ ಎಂದು ಮೇಸ್ತ್ರಿ ಕೇಳಿದ ಗಳಿಗೆಯಲ್ಲೇ ನನಗೆ ಅಜ್ಜಯ್ಯ ನೆನಪಾಗಬೇಕಿತ್ತು. ಆಗಲಿಲ್ಲ. ನೆನಪು ಸಮಯಕ್ಕೆ ಒದಗುವುದು ಕಡಿಮೆ. ನಷ್ಟವಾದ ಮೇಲೆ ಲೆಕ್ಕ ಒಪ್ಪಿಸಲು ಬರುವುದೇ ಹೆಚ್ಚು.

ಅತ್ತೆಯ ಪ್ಲಾಸ್ಟರು ಬಿಚ್ಚಿದರು. ಕೈ ಕೂಡಿಕೊಂಡಿತ್ತು. ಆದರೆ ಅವರು ಅಂಗಳಕ್ಕೆ ಇಳಿಯಲಿಲ್ಲ. ಜಗಲಿಯ ಕಂಬ ಹಿಡಿದು ನಿಂತು ನಂದಿಬಟ್ಟಲನ್ನು ನೋಡಿ ಒಳಗೆ ಹೋಗುತ್ತಿದ್ದರು. ನಾನು ಮೇಸ್ತ್ರಿಯನ್ನು ಮತ್ತೆ ಕರೆಸಿದೆ. ಅವರು ಏನಾಯಿತೆಂದು ಕೇಳಲಿಲ್ಲ. ನೋಡಿದರು, ತಿಳಿಯಿತು.

ಈ ಸಲ ಅವರು ಹೇಳಿದ ಹಾಗೆಯೇ ನಡೆಯಿತು. ಅತ್ತೆಯ ಕೈ ಹಿಡಿದು ಜಗಲಿಯಿಂದ ಹೂವಿನ ಗಿಡದವರೆಗೆ ನಡೆಸಿದೆವು. ಪಾದ ಬಿದ್ದ ಕಡೆಗೆಲ್ಲ ಮೇಸ್ತ್ರಿ ಒಂದೊಂದು ಹಿಡಿ ಮರಳು ಹಾಕುತ್ತಾ ಬಂದರು. ಒಂದು ಗುಪ್ಪೆಯಿಂದ ಇನ್ನೊಂದಕ್ಕೆ 15 ಅಂಗುಲ. ಕಲ್ಲಿನ ಅಗಲ 12 ಅಂಗುಲ. ಅಂದರೆ ಎರಡು ಕಲ್ಲಿನ ನಡುವೆ ನಾಲ್ಕು ಬೆರಳಷ್ಟೇ ಹುಲ್ಲು. ಮಟ್ಟವೂ ಮಣ್ಣಿನ ಮಟ್ಟಕ್ಕೇ. ಮೇಲೆದ್ದರೆ ಕಾಲಿಗೆ ತಾಗುತ್ತದೆ, ಹುಲ್ಲು ಕತ್ತರಿಸುವ ಯಂತ್ರಕ್ಕೂ ತಾಗುತ್ತದೆ. ತಗ್ಗಿದರೆ ನೀರು ನಿಂತು ಪಾಚಿ ಕಟ್ಟುತ್ತದೆ.

"ಇಷ್ಟು ಒತ್ತಾದರೆ ನನ್ನ ಹೆಜ್ಜೆ ತಪ್ಪುತ್ತದೆ" ಎಂದು ನಮ್ಮವರು ಅನುಮಾನಿಸಿದರು. ಮೇಸ್ತ್ರಿ "ನಡೀರಿ ನೋಡವಾ" ಎಂದರು. ನಡೆದರು. ಒಂದು ಬಿಟ್ಟು ಒಂದು ಕಲ್ಲಿನ ಮೇಲೆ ಅವರ ಕಾಲು ಸಲೀಸಾಗಿ ಕೂತಿತು. ಹದಿನೈದು ಎರಡಲೆ ಮೂವತ್ತು ಅಂಗುಲ, ಅಂದರೆ ಸರಿಯಾಗಿ ಅವರ ಎರಡೂವರೆ ಅಡಿ! ಅವರ ಅಳತೆಗೆ ಹಾಕಿದಾಗ ಅತ್ತೆಗೆ ಜಾಗವಿರಲಿಲ್ಲ. ಅತ್ತೆಯ ಅಳತೆಗೆ ಹಾಕಿದರೆ ಅವರೂ ಅದರೊಳಗೇ ಸೇರಿಹೋದರು. ಅಜ್ಜಯ್ಯನ ಮಾತಿಗೆ ಇದಕ್ಕಿಂತ ಬೇರೆ ಲೆಕ್ಕ ಬೇಕಿಲ್ಲ. ಮನೆಗೊಂದು ಪದ್ಧತಿ, ಊರಿಗೊಂದು ಕಾನೂನು, ಏನೇ ಮಾಡಲಿ, ಎಲ್ಲರಿಗಿಂತ ಸಣ್ಣ ಹೆಜ್ಜೆಯವರನ್ನು ಮೊದಲು ನಡೆಸಿ ನೋಡಬೇಕು. ಕಲ್ಲು ನಾಲ್ಕು ಹೆಚ್ಚು ಬೇಕಾಗುತ್ತದೆ ನಿಜ. ನಮ್ಮಲ್ಲಿ ಹನ್ನೆರಡಿದ್ದದ್ದು ಮೂವತ್ತೊಂದಾಯಿತು. ಆದರೆ ಮುರಿದ ಮಣಿಕಟ್ಟಿನ ಖರ್ಚನ್ನು ಯಾರೂ ಕಲ್ಲಿನ ಲೆಕ್ಕದಲ್ಲಿ ಬರೆಯುವುದಿಲ್ಲ, ಅಷ್ಟೆ.

ಇಲ್ಲಿಗೆ ಮುಗಿದಿದ್ದರೆ ಇದೊಂದು ಸುಲಭದ ಕಥೆಯಾಗುತ್ತಿತ್ತು. ಆದರೆ ಉದ್ದನೆಯ ಗೆರೆ ಇನ್ನೂ ಉಳಿದಿತ್ತು.

"ಈ ಗೆರೆ ಮ್ಯಾಲೂ ಹಾಕಬೇಕಲ್ಲವ್ವಾ?" ಎಂದು ಮೇಸ್ತ್ರಿ ಕೇಳಿದರು. ಗೇಟಿನ ಮೂಲೆಯಿಂದ ಓಣಿಯವರೆಗೆ ನೇರ 25 ಅಡಿ, ಇಪ್ಪತ್ತು ಕಲ್ಲು. ಕಾಲು ಎಲ್ಲಿ ಹೋಗುತ್ತದೋ ಅಲ್ಲಿ ಕಲ್ಲಿಡಬೇಕೆಂದು ಈಗ ತಾನೇ ಕಲಿತಿದ್ದೆ. ಆದ್ದರಿಂದ ಹಾಕಿ ಎನ್ನಬೇಕಿತ್ತು. ಬಾಯಿಗೆ ಬಂದ ಮಾತು ಅಲ್ಲೇ ನಿಂತಿತು.

ಏಕೆಂದರೆ ಆ ಗೆರೆಯ ಕೊನೆಯಲ್ಲಿ ಇರುವುದು ಹಿತ್ತಲ ಬಾಗಿಲು. ಅತ್ತೆ ಹೂವಿನ ಗಿಡಕ್ಕೆ ಹೋಗುವುದು ಅವರ ಇಷ್ಟದಿಂದ. ಇವಳು ಹಿತ್ತಲಿಗೆ ಹೋಗುವುದು? ಬೆಳಿಗ್ಗೆ ಮುಂಬಾಗಿಲ ಹೊಸ್ತಿಲು ತೊಳೆದು ರಂಗೋಲಿ ಇಡುವವಳು ಇವಳೇ. ಇಪ್ಪತ್ತು ವರ್ಷದಲ್ಲಿ ಆ ಹೊಸ್ತಿಲು ದಾಟಿ ಒಳಗೆ ಬರದವಳೂ ಇವಳೇ. ಹಾಗೆ ಬರಬೇಡ ಎಂದು ನಾನು ಯಾವತ್ತೂ ಹೇಳಿಲ್ಲ. ಅತ್ತೆಯೂ ಹೇಳಿದ್ದು ನನಗೆ ನೆನಪಿಲ್ಲ. ಆದರೂ ಕಪ್ಪು ಹಗ್ಗ ಕಟ್ಟಿದ ಆ ಕಲ್ಲು ನಮ್ಮ ಮೆಟ್ಟಿಲ ಮೇಲೆ ಇದ್ದೇ ಇತ್ತು. ನನಗೆ ಕಾಣುತ್ತಿರಲಿಲ್ಲ, ಅವಳಿಗೆ ದಿನವೂ ಕಾಣುತ್ತಿತ್ತು. ಈಗ ಅವಳ ಗೆರೆಯ ಮೇಲೆ ಸಾದರಹಳ್ಳಿ ಕಲ್ಲು ಹಾಕಿಸಿದರೆ ನಾನು ಮಾಡುತ್ತಿರುವುದು ಉಪಕಾರವೇ, ಅಥವಾ ಮಣ್ಣಿನಲ್ಲಿದ್ದದ್ದನ್ನು ಕಲ್ಲಿನಲ್ಲಿ ಬರೆಸುತ್ತಿದ್ದೇನೆಯೇ?

ಅವಳನ್ನೇ ಕೇಳೋಣ ಎಂದುಕೊಂಡೆ. "ನಾಳೆಯಿಂದ ಮುಂದಿನಿಂದಲೇ ಬಾರೇ" ಎಂದೆ. ನನ್ನ ದೊಡ್ಡತನಕ್ಕೆ ನಾನೇ ಸ್ವಲ್ಪ ಮೆಚ್ಚಿಕೊಂಡು ಹೇಳಿದೆನೇನೋ. ಅವಳು, "ಬುಡಿ ಅಮ್ಮಾವ್ರೆ, ಪಾತ್ರೆ ಇರೋದು ಹಿತ್ಲಲ್ಲಿ. ಮುಂದ್ಲಿಂದ ಬಂದು ಮನೆಯೆಲ್ಲ ಸುತ್ಕೊಂಡು ಹೋಗ್ಲಾ?" ಎಂದು ಕೆಲಸಕ್ಕೆ ಹೋದಳು. ಆ ಮಾತೂ ನಿಜವೇ. ಅಷ್ಟೇ ನಿಜವೇ ಎಂಬುದು ಬೇರೆ. ಇಪ್ಪತ್ತು ವರ್ಷದ ನಡಿಗೆಯಲ್ಲಿ ಅನುಕೂಲ ಯಾವುದು, ಅಭ್ಯಾಸ ಯಾವುದು, ಅಳುಕು ಯಾವುದು ಎಂದು ಬಿಡಿಸಿ ಹೇಳಲು ನಡೆಯುವವರಿಗೂ ಆಗುವುದಿಲ್ಲ.

ಆ ದಿನ ಅವಳಿಗೆ ಕಾಫಿ ಕೊಡುವಾಗ ಕೈ ತಾನಾಗಿ ಹಿತ್ತಲ ಕಿಟಕಿಯ ಕಡೆ ಹೋಯಿತು. ಅವಳ ಲೋಟ ಅಲ್ಲಿರುತ್ತದೆ, ಬೇರೆಯಾಗಿ. ಅಂಚು ಸ್ವಲ್ಪ ನೆಗ್ಗಿದ ಸ್ಟೀಲ್ ಲೋಟ. ಅದನ್ನು ಅಲ್ಲಿಟ್ಟವಳು ನಾನೇ. ಅವಳನ್ನು ಮುಂಬಾಗಿಲಿಗೆ ಕರೆಯುವುದು ನನಗೆ ಸುಲಭವಾಗಿತ್ತು, ಬರಲಾರಳೆಂದು ಗೊತ್ತಿದ್ದುದರಿಂದ. ಲೋಟದ ಮಾತಿಗೆ ಯಾರನ್ನೂ ಕರೆಯಬೇಕಿರಲಿಲ್ಲ, ಅದು ನನ್ನ ಕೈಯಲ್ಲೇ ಇತ್ತು. ಆದರೂ ಅದಕ್ಕೆ ಮೂರು ದಿನ ಬೇಕಾಯಿತು ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ನಾಲ್ಕನೆಯ ದಿನ ನಮ್ಮ ಲೋಟಗಳ ಸಾಲಿನಿಂದಲೇ ಒಂದನ್ನು ತೆಗೆದು ಅದರಲ್ಲಿ ಕೊಟ್ಟೆ. ಅವಳು ಒಮ್ಮೆ ಲೋಟ ನೋಡಿದಳು, ಏನೂ ಹೇಳದೆ ಕುಡಿದಳು. ತೊಳೆದು ಮಾತ್ರ ತನ್ನ ಹಳೆಯ ಕಿಟಕಿಯ ಮೇಲೇ ಇಟ್ಟಳು. ನಾನು ಅದನ್ನು ಒಳಗೆ ತಂದಿಟ್ಟೆ. ಹೀಗೆ ಅವಳು ಹೊರಗಿಡುವುದು, ನಾನು ಒಳಗೆ ತರುವುದು ಒಂದು ತಿಂಗಳು ನಡೆಯಿತು. ಆಮೇಲೆ ಯಾವಾಗಲೋ ಅವಳು ಹೊರಗಿಡುವುದನ್ನು ಬಿಟ್ಟಳು.

ಕಲ್ಲುಗಳನ್ನು ಆಕೆಯ ಗೆರೆಯ ಮೇಲೆ ಹಾಕಿಸಿದೆ. ಮಳೆಗಾಲದಲ್ಲಿ ಕೆಸರು ತುಳಿಯುವವಳು ಅವಳು. ನನ್ನ ಮನಸ್ಸಿನ ತೊಳಲಾಟಕ್ಕೆ ಅವಳ ಕಾಲು ಯಾಕೆ ನೆನೆಯಬೇಕು? ಆದರೆ ಆ ಗೆರೆ ಅತ್ತೆಯ ಗೆರೆಯನ್ನು ಹುಲ್ಲಿನ ನಡುವೆ ಒಂದು ಕಡೆ ಹಾಯ್ದುಹೋಗುತ್ತದೆ. ಅಲ್ಲಿ ಮೇಸ್ತ್ರಿ ಎರಡಕ್ಕೂ ಸೇರಿ ಒಂದು ಅಗಲವಾದ ಕಲ್ಲು ಕೂರಿಸಿದರು. ಆ ಕಲ್ಲಿನ ಮೇಲೆ ನಿಂತರೆ ನೇರ ಹೋದರೆ ಹಿತ್ತಲು, ಬಲಕ್ಕೆ ತಿರುಗಿದರೆ ಜಗಲಿ. ಎರಡು ಕಡೆಗೂ ಅದೇ ಕಲ್ಲು, ಅದೇ ನಾಲ್ಕು ಬೆರಳ ಹುಲ್ಲು. ನನ್ನ ಕೈಯಲ್ಲಿ ಆದದ್ದು ಅಷ್ಟು.

ಹಾಗಾದರೆ ಕಲ್ಲೇ ಬೇಡ, ಎಲ್ಲರೂ ಇಷ್ಟ ಬಂದ ಕಡೆ ನಡೆಯಲಿ ಎಂದು ಬಿಡಬಹುದಲ್ಲ ಎಂದು ಗೆಳತಿಯೊಬ್ಬಳು ವಾದಿಸಿದಳು. ಬಿಡಬಹುದು. ಆಗ ಮೊದಲು ಸಾಯುವುದು ಹುಲ್ಲು, ಆಮೇಲೆ ಕೆಸರಿನಲ್ಲಿ ಜಾರುವುದು ಮತ್ತೆ ಅದೇ ಸಣ್ಣ ಹೆಜ್ಜೆಯವರು. ಕಟ್ಟಳೆ ಇಲ್ಲದ ಕಡೆ ದಾಪುಗಾಲಿನವರಿಗೆ ಯಾವ ತೊಂದರೆಯೂ ಇಲ್ಲ. ಕಲ್ಲು ಬೇಕು. ಯಾರ ಕಾಲಿಗೆ ಎಂದು ಕೇಳಿ ಇಡಬೇಕು. ಕಾಲು ಆ ಕಡೆಗೇ ಯಾಕೆ ಹೋಗುತ್ತಿದೆ ಎಂದೂ ಕೇಳಬೇಕು. ಮೊದಲನೆಯ ಪ್ರಶ್ನೆ ಮೇಸ್ತ್ರಿಗೂ ಗೊತ್ತಿತ್ತು, ಅಜ್ಜಯ್ಯನಿಗೂ ಗೊತ್ತಿತ್ತು. ಎರಡನೆಯದನ್ನು ಮನೆಯೊಡತಿಯೇ ಕೇಳಿಕೊಳ್ಳಬೇಕು. ಬೇರೆ ಯಾರೂ ಅವಳನ್ನು ಕೇಳುವುದಿಲ್ಲ.

ಅತ್ತೆ ಈಗ ಮತ್ತೆ ಹೂವಿಗೆ ಹೋಗುತ್ತಾರೆ. ಬಲಗೈ ಮೊದಲಿನಷ್ಟು ಮೇಲೆ ಏಳುವುದಿಲ್ಲ. ಎತ್ತರದ ಹೂವನ್ನು ಕೊಯ್ದು ಕೊಡುವವಳು ಅವಳೇ, ಹಿತ್ತಲಿಗೆ ಹೋಗುವ ದಾರಿಯಲ್ಲಿ ಆ ಅಗಲವಾದ ಕಲ್ಲಿನ ಮೇಲೆ ನಿಂತು. ಸ್ನಾನ ಮಾಡದೆ ದೇವರ ಹೂವು ಮುಟ್ಟಬಾರದು ಎಂದು ನನಗೆ ಪಾಠ ಹೇಳಿದ್ದ ಅತ್ತೆ, ಒಂದು ಬೆಳಿಗ್ಗೆ ಬುಟ್ಟಿಯನ್ನು ಅವಳ ಕೈಗೇ ಕೊಟ್ಟು "ಒಳಗೆ ಇಟ್ಟುಬಿಡೇ" ಎಂದರು. ಅವಳು ಕಲ್ಲಿನ ಮೇಲೆ ಬಲಕ್ಕೆ ತಿರುಗಿ ಜಗಲಿ ಹತ್ತಿದಳು. ಬುಟ್ಟಿಯನ್ನು ಹೊಸ್ತಿಲ ಹೊರಗೇ ಇಟ್ಟು, ಅದೇ ಕಲ್ಲುಗಳ ಮೇಲೆ ಹಿಂದಿರುಗಿ ಹಿತ್ತಲಿಗೆ ಹೋದಳು. ಇವತ್ತಿಗೂ ಹಾಗೆಯೇ ಮಾಡುತ್ತಾಳೆ.

ಈ ಮಳೆಗಾಲದಲ್ಲಿ ಗೇಟಿನ ಹತ್ತಿರದ ಮೂರು ಕಲ್ಲು ಒಂದು ಕಡೆಗೆ ತಗ್ಗಿವೆ, ನೀರು ನಿಲ್ಲುತ್ತಿದೆ. ಕಲ್ಲಿಟ್ಟರೆ ಮುಗಿಯಿತು ಎಂದಲ್ಲ, ವರ್ಷಕ್ಕೊಮ್ಮೆ ಎತ್ತಿ ಮರಳು ಹಾಕಿ ಮಟ್ಟ ಮಾಡಬೇಕು ಎಂದು ಮೇಸ್ತ್ರಿ ಆಗಲೇ ಹೇಳಿದ್ದರು. ದೀಪಾವಳಿ ಕಳೆದ ಮೇಲೆ ಅವರನ್ನು ಕರೆಸಬೇಕು. ಅದಕ್ಕೆ ಮೊದಲು ಅವಳನ್ನೊಮ್ಮೆ ಗೇಟಿನಿಂದ ನಡೆಸಿ ನೋಡಬೇಕು. ಅವಳಿಗೂ ಈಗ ಮಂಡಿನೋವು ಶುರುವಾಗಿದೆ, ಹೆಜ್ಜೆ ಚಿಕ್ಕದಾಗಿದೆ.